ಸೋರರ್ ಎಂಬ ಕೂಪೇ ಮೋಟಾರಿನ ತಲೆಮಾರುಗಳು

ಒಂದು ಗ್ರಂಥದ ಹಲವು ಪ್ರತಿಗಳನ್ನು ಮುಂದಿಟ್ಟುಕೊಂಡು, ಯಾವುದು ಮೂಲಕ್ಕೆ ಸಮೀಪವಾದದ್ದು, ಯಾವುದು ಪರಿಷ್ಕೃತವಾದದ್ದು, ಯಾವುದು ಹೆಸರನ್ನು ಮಾತ್ರ ಉಳಿಸಿಕೊಂಡು ಬೇರೆಯೇ ಕೃತಿಯಾಗಿ ಪರಿಣಮಿಸಿದ್ದು ಎಂಬುದನ್ನು ನಿರ್ಣಯಿಸುವ ಕೆಲಸ ಈ ಪತ್ರಿಕೆಯ ವಾಚಕರಿಗೆ ಹೊಸತಲ್ಲ. ಯಂತ್ರಗಳ ವಿಷಯದಲ್ಲಿಯೂ ಇಂಥ ಪ್ರಶ್ನೆಗಳು ಏಳುವುದುಂಟು. ಮೋಟಾರು ತಯಾರಕರು ಒಂದು ಹೆಸರಿನ ಕಾರನ್ನು ಕೆಲವು ವರ್ಷ ಮಾರಿ, ಬಳಿಕ ಅದನ್ನು ನಿಲ್ಲಿಸಿ, ಅದೇ ಹೆಸರಿನಲ್ಲಿ ಹೊಸದಾಗಿ ರಚಿಸಿದ ಇನ್ನೊಂದನ್ನು ಹೊರತರುತ್ತಾರೆ. ಇವುಗಳನ್ನು ‘ತಲೆಮಾರು’ಗಳೆಂದು ಕರೆಯುವುದು ರೂಢಿಯಾಗಿದೆ. ಈ ಮಾತು ತಂದೆಮಕ್ಕಳ ಸಂಬಂಧವನ್ನು ಸೂಚಿಸುವುದರಿಂದ, ಆ ಸಂಬಂಧವು ವಾಸ್ತವವಾಗಿ ಎಲ್ಲಿ ಇದೆ, ಎಲ್ಲಿ ಕೇವಲ ನಾಮಸಾಮ್ಯವಿದೆ ಎಂಬುದನ್ನು ವಿಚಾರಿಸತಕ್ಕದ್ದಾಗಿದೆ. ಪ್ರಕೃತ ಲೇಖನದಲ್ಲಿ ಜಪಾನಿನ ಟೊಯೋಟಾ ಸಂಸ್ಥೆಯವರ ‘ಸೋರರ್’ ಎಂಬ ಭೋಗವಾಹನವನ್ನು ಉದಾಹರಣೆಯಾಗಿ ತೆಗೆದುಕೊಂಡಿದೆ. ಟೊಯೋಟಾ ಎಂಬ ಹೆಸರು ಬಿಡದಿಯ ಕಾರ್ಖಾನೆಯ ಮೂಲಕ ಕನ್ನಡಿಗರಿಗೆ ಪರಿಚಿತವೇ ಆಗಿದೆ. ಆದರೆ ಇಲ್ಲಿ ಹೇಳುವ ಕಾರು ಅಲ್ಲಿ ತಯಾರಾದುದಲ್ಲ.

ಮೊದಲು ‘ಕೂಪೇ’ ಎಂಬ ಶಬ್ದ. ಫ್ರೆಂಚ್ ಭಾಷೆಯಲ್ಲಿ ಇದಕ್ಕೆ ‘ಕತ್ತರಿಸಲ್ಪಟ್ಟದ್ದು’ ಎಂದರ್ಥ. ಹದಿನೆಂಟನೆಯ ಶತಮಾನದಲ್ಲಿ ಎದುರುಬದುರು ಪೀಠಗಳುಳ್ಳ ದೊಡ್ಡ ಸಾರೋಟಿನ ಮುಂಭಾಗದ ಪೀಠವನ್ನು ಕಡಿದುಹಾಕಿ ಇಬ್ಬರು ಮಾತ್ರ ಕುಳಿತುಕೊಳ್ಳುವಂತೆ ಗಿಡ್ಡಮಾಡಿದ ಗಾಡಿಗೆ ಈ ಹೆಸರು ಬಂದಿತು. ಕುದುರೆಗಾಡಿ ಹೋಗಿ ಮೋಟಾರು ಬಂದ ಮೇಲೂ ಹೆಸರು ನಿಂತಿತು. ಈಗ ಎರಡು ಬಾಗಿಲುಗಳೂ ಹಿಂದಕ್ಕೆ ಇಳಿಜಾರಾಗಿ ಸಾಗುವ ಗಟ್ಟಿ ಛಾವಣಿಯೂ ಉಳ್ಳ ಕಾರಿಗೆ ಕೂಪೇ ಎನ್ನುತ್ತಾರೆ. ಹಿಂದಿನ ಪೀಠವಿದ್ದರೂ ಅದು ಹೆಸರಿಗೆ ಮಾತ್ರ. ದೊಡ್ಡವರು ಅದರಲ್ಲಿ ಕುಳಿತು ದೂರ ಹೋಗಲಾರರು. ಸ್ಥಳವನ್ನು ಕಡಿಮೆ ಮಾಡಿಕೊಂಡು ಬೆಲೆಯನ್ನು ಹೆಚ್ಚು ಮಾಡಿಕೊಂಡ ಗಾಡಿ ಇದಾದುದರಿಂದ, ತಯಾರಕರು ತಮ್ಮಲ್ಲಿರುವ ನೂತನ ಕೌಶಲವನ್ನೆಲ್ಲ ಮೊದಲು ಪ್ರಯೋಗಿಸಿ ನೋಡುವುದು ಇಂಥ ಕಾರಿನಲ್ಲಿಯೇ.

ಸೋರರ್ ಜಪಾನಿನಲ್ಲಿ ನಾಲ್ಕು ಬಾರಿ ಅವತರಿಸಿತು: 1981ರಲ್ಲಿ, 1986ರಲ್ಲಿ, 1991ರಲ್ಲಿ, 2001ರಲ್ಲಿ. ಮೊದಲಿನ ಎರಡು ಅಮೆರಿಕದಲ್ಲಿ ಮಾರಾಟಕ್ಕೆ ಬರಲಿಲ್ಲ. ಮೂರನೆಯದು ಅಲ್ಲಿಗೆ ಹೋದಾಗ ‘ಲೆಕ್ಸಸ್ ಎಸ್.ಸಿ.’ ಎಂಬ ಬೇರೆ ಹೆಸರನ್ನು ಧರಿಸಿತು, ನಾಲ್ಕನೆಯದೂ ಹಾಗೆಯೇ. ಆದುದರಿಂದ ‘ಎರಡನೆಯ ತಲೆಮಾರು’ ಎಂದು ಬರೆದರೆ ಜಪಾನಿನ ವಾಚಕನು 1986ರ ಕಾರನ್ನೂ, ಅಮೆರಿಕದ ವಾಚಕನು 2001ರ ಕಾರನ್ನೂ ಭಾವಿಸುವನು. ಇವೆರಡರ ನಡುವೆ ಹದಿನೈದು ವರ್ಷಗಳ ಅಂತರವಿದೆ; ಎರಡಕ್ಕೂ ಸಮಾನವಾದ ಭಾಗವು ಒಂದಾದರೂ ಸಿಗುವುದು ಕಷ್ಟ. ಇಷ್ಟು ಸಾಲದೆಂಬಂತೆ, 2005ರ ಆಗಸ್ಟಿನಲ್ಲಿ ಲೆಕ್ಸಸ್ ಎಂಬ ಹೆಸರನ್ನು ಜಪಾನಿನಲ್ಲಿಯೂ ಬಳಕೆಗೆ ತಂದುದರಿಂದ, ಅಲ್ಲಿಯವರೆಗೆ ಸೋರರ್ ಎನಿಸಿಕೊಂಡಿದ್ದ ನಾಲ್ಕನೆಯ ಕಾರು ತನ್ನ ತಾಯ್ನಾಡಿನಲ್ಲಿಯೂ ಎಸ್.ಸಿ. ಆಗಿ ಮಾರ್ಪಟ್ಟಿತು. ಒಂದೇ ವಸ್ತುವಿಗೆ ಎರಡು ಹೆಸರು, ಒಂದೇ ಹೆಸರಿಗೆ ಹಲವು ವಸ್ತು: ಕವಿಚರಿತೆಯನ್ನು ಬರೆಯಲು ತೊಡಗಿದವರಿಗೆ ಈ ಸಂಕಟ ತಿಳಿದೇ ಇದೆ.

ಈ ತೊಡಕನ್ನು ಬಿಡಿಸಲು ಸಾಧನವೊಂದುಂಟು. ಪ್ರತಿಯೊಂದು ಕಾರಿನ ಚೌಕಟ್ಟಿಗೂ ತಯಾರಕರು ಒಂದು ಸಂಕೇತವನ್ನು ಕೊಟ್ಟಿರುತ್ತಾರೆ. ಉದಾಹರಣೆಗೆ ‘ಜೆ.ಝಡ್.ಝಡ್.30’ ಎಂಬುದನ್ನು ತೆಗೆದುಕೊಳ್ಳಬಹುದು. ಇದರಲ್ಲಿ ಮೊದಲಿನ ‘ಜೆ.ಝಡ್.’ ಎಂಬುದು ಎಂಜಿನಿನ ಮನೆತನ. ಅದರ ಮುಂದಿನ ‘ಝಡ್’ ಸೋರರ್ ವಂಶದ ಅಕ್ಷರ. 3 ಎಂಬುದು ತಲೆಮಾರು. ಕೊನೆಯ ಅಂಕಿಯು ಆ ತಲೆಮಾರಿನೊಳಗಣ ಪ್ರಭೇದ. ಹೀಗೆಯೇ ‘ಯು.ಝಡ್.ಝಡ್.40’ ಎಂದರೆ ಯು.ಝಡ್. ಎಂಜಿನುಳ್ಳ, ನಾಲ್ಕನೆಯ ತಲೆಮಾರಿನ ಕಾರು. ಮಾರಾಟದ ಹೆಸರು ದೇಶದಿಂದ ದೇಶಕ್ಕೆ ವ್ಯತ್ಯಾಸವಾದರೂ ಈ ಸಂಕೇತ ವ್ಯತ್ಯಾಸವಾಗುವುದಿಲ್ಲ. ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರನು ಬರೆದಿಟ್ಟ ಪುಷ್ಪಿಕೆಯು ಮೇಲಿನ ರಟ್ಟಿಗಿಂತ ಹೆಚ್ಚು ನಂಬಿಕೆಗೆ ಅರ್ಹವಾಗಿರುವಂತೆ, ಇಲ್ಲಿಯೂ ಸಂಕೇತವನ್ನೇ ಪ್ರಮಾಣವಾಗಿ ಹಿಡಿಯುವುದು ಯುಕ್ತ.

1981ರ ಫೆಬ್ರವರಿಯಲ್ಲಿ ಹೊರಬಂದ ಮೊದಲ ಸೋರರ್, ಅಂದರೆ ಝಡ್10, ಕೋನಾಕೃತಿಯ ಗಾಡಿ. ಅದರ ಮುಖ್ಯ ಎಂಜಿನು ಒಂದೇ ಸಾಲಿನಲ್ಲಿ ನಿಂತ ಆರು ಸಿಲಿಂಡರುಗಳದು, ಗಾತ್ರ 2.8 ಲೀಟರು, ಕವಾಟಗಳನ್ನು ತೆರೆಯಲು ಎರಡು ಕ್ಯಾಮು ದಂಡಗಳು. ಆರು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ಇರಿಸಿದಾಗ ಒಂದು ಪಿಸ್ಟನ್ನಿನ ಚಲನೆಯಿಂದ ಹುಟ್ಟುವ ಅದಿರಾಟವನ್ನು ಇನ್ನೊಂದರ ಚಲನೆ ಸರಿದೂಗಿಸುವುದರಿಂದ, ಬೇರೆ ಯಾವ ಉಪಾಯವೂ ಇಲ್ಲದೆ ಎಂಜಿನು ನಯವಾಗಿ ತಿರುಗುತ್ತದೆ. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ವಂಶನಿರ್ಣಯಕ್ಕೆ ಇದೇ ಆಧಾರವಾಗುವುದು. ವೇಗವನ್ನು ಮುಳ್ಳಿನಿಂದ ತೋರಿಸದೆ ಬೆಳಗುವ ಅಂಕಿಗಳಿಂದ ತೋರಿಸುವ ಫಲಕವು ಈ ಕಾರಿನ ವೈಶಿಷ್ಟ್ಯ. 1983ರಲ್ಲಿ ಷಾಕ್ ಅಬ್ಸಾರ್ಬರುಗಳ ಬಿಗಿತವನ್ನು ಗಣಕಯಂತ್ರವೇ ಹೊಂದಿಸುವ ಏರ್ಪಾಡೂ ಸೇರಿತು. 1981-82ರ ಸಾಲಿನಲ್ಲಿ ಜಪಾನಿನ ವರ್ಷದ ಕಾರೆಂಬ ಪ್ರಶಸ್ತಿ ಇದಕ್ಕೆ ದೊರೆಯಿತು.

ಈ ಕಾರು ಅಷ್ಟು ಸಪೂರವಾಗಿ ತೋರುವುದಕ್ಕೆ ಕಾರಣವನ್ನು ಸೌಂದರ್ಯಶಾಸ್ತ್ರದಲ್ಲಿ ಹುಡುಕಬೇಕಾಗಿಲ್ಲ. ಜಪಾನಿನ ಕಾನೂನಿನಂತೆ 1.7 ಮೀಟರು ಅಗಲವನ್ನಾಗಲಿ 2 ಲೀಟರು ಎಂಜಿನನ್ನಾಗಲಿ ಮೀರಿದ ಕಾರು ಮೇಲಿನ ವರ್ಗಕ್ಕೆ ಸೇರಿ, ವರ್ಷವರ್ಷವೂ ಬಹಳ ಹೆಚ್ಚು ತೆರಿಗೆಯನ್ನು ತೆರಬೇಕಾಗಿತ್ತು. ಆದಕಾರಣ ಝಡ್10ರ ಅಗಲವನ್ನು 1.695 ಮೀಟರಿಗೆ ನಿಲ್ಲಿಸಿದರು. ಅದೇ ಮೈಯೊಳಗೆ 2 ಲೀಟರಿನ ಎಂಜಿನನ್ನಿಟ್ಟರೆ ಕಡಿಮೆ ತೆರಿಗೆಯ ಸೋರರ್, 2.8 ಲೀಟರಿನದನ್ನಿಟ್ಟರೆ ಶ್ರೀಮಂತರ ಸೋರರ್. 1989ರಲ್ಲಿ ಈ ತೆರಿಗೆಯ ಪದ್ಧತಿ ಸುಧಾರಿಸಿತು. ಅದಾದ ಬಳಿಕ ಬಂದ ಮೂರನೆಯ ತಲೆಮಾರು ಒಮ್ಮೆಗೇ ಸುಮಾರು 1.79 ಮೀಟರಿಗೆ ಅಗಲಿಸಿದ್ದರಲ್ಲಿ ಆಶ್ಚರ್ಯವಿಲ್ಲ.

1986ರ ಜನವರಿಯ ಝಡ್20 ಮೇಲ್ನೋಟಕ್ಕೆ ಮೊದಲನೆಯದರ ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿದಂತಿದೆ. ಒಳಗಿನ ಬದಲಾವಣೆ ಇದಕ್ಕಿಂತ ದೊಡ್ಡದು. ನಾಲ್ಕು ಚಕ್ರಗಳಿಗೂ ಡಬಲ್ ವಿಷ್‌ಬೋನ್ ಎಂಬ ಜೋಡಿತೋಳಿನ ಆಧಾರ ಬಂದಿತು. ಮೇಲಿನ ದರ್ಜೆಯ ಗಾಡಿಗೆ ಉಕ್ಕಿನ ಸ್ಪ್ರಿಂಗಿನ ಬದಲು ವಿದ್ಯುನ್ನಿಯಂತ್ರಿತವಾದ ಗಾಳಿಯ ಸ್ಪ್ರಿಂಗು ಬಂದಿತು. 3 ಲೀಟರಿನ ಆರು ಸಿಲಿಂಡರಿನ ಎಂಜಿನಿಗೆ ಟರ್ಬೋ ಜೋಡಿಸಲ್ಪಟ್ಟಿತು. 1989ರಲ್ಲಿ ‘ಏರೋಕ್ಯಾಬಿನ್’ ಎಂಬ ಪ್ರಭೇದವನ್ನು 500 ಮಾತ್ರ ತಯಾರಿಸಿದರು. ಅದರ ಲೋಹದ ಛಾವಣಿಯು ವಿದ್ಯುಚ್ಛಕ್ತಿಯಿಂದ ಮಡಿಸಿಕೊಂಡು ಹಿಂದಕ್ಕೆ ಸರಿಯುತ್ತಿತ್ತು. ಅದಕ್ಕೆ ಜಾಗ ಬೇಕಾಗಿದ್ದುದರಿಂದ ಹಿಂದಿನ ಪೀಠವನ್ನೇ ತೆಗೆದಿದ್ದರು. ಆ ಕಾಲಕ್ಕೆ ಇದೊಂದು ವಿನೋದವೆಂದು ತೋರಿರಬಹುದು.

ಇಲ್ಲಿ ಅಂಕಿಗಳ ವಿಷಯವಾಗಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ತಲೆಮಾರುಗಳನ್ನು ಹೋಲಿಸುವವರು ಮೊದಲು ಕೈಹಾಕುವುದು ಅಶ್ವಶಕ್ತಿಯ ಪಟ್ಟಿಗೆ. ಅತಿ ಹೆಚ್ಚು ಮೋಸಹೋಗುವುದೂ ಅಲ್ಲಿಯೇ. ಮೊದಲ ಸೋರರಿನ 2.8 ಲೀಟರ್ ಎಂಜಿನಿಗೆ 170 ಅಶ್ವಶಕ್ತಿ, ಎರಡನೆಯದರ 3 ಲೀಟರ್ ಟರ್ಬೋ ಎಂಜಿನಿಗೆ 230 ಅಶ್ವಶಕ್ತಿ ಎಂದು ಬರೆದು, ಅರವತ್ತು ಹೆಚ್ಚಿತೆಂದು ಲೆಕ್ಕ ಮಾಡುವುದುಂಟು. ಆದರೆ 170 ಎಂಬುದು ‘ಒಟ್ಟು’ ಶಕ್ತಿ: ಎಂಜಿನನ್ನು ಗಾಡಿಯಿಂದ ಹೊರಗೆ ಮೇಜಿನ ಮೇಲಿಟ್ಟು, ಬೀಸಣಿಗೆ, ಹೊಗೆಕೊಳವೆ ಮುಂತಾದ ಹೊರೆಗಳಿಲ್ಲದೆ ಅಳೆದದ್ದು. 230 ಎಂಬುದು ‘ನಿವ್ವಳ’ ಶಕ್ತಿ: ಗಾಡಿಯಲ್ಲಿ ಇರುವ ಸ್ಥಿತಿಯಲ್ಲಿಯೇ, ಹೊರೆಗಳೊಡನೆ ಅಳೆದದ್ದು. 1980ರ ದಶಕದ ನಡುವೆ ಜಪಾನಿನ ಅಳತೆ ಮೊದಲನೆಯದರಿಂದ ಎರಡನೆಯದಕ್ಕೆ ಬದಲಾಯಿತು. ಇದಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಾಗಿಲ್ಲ. 1ಜಿ-ಜಿ.ಇ.ಯು. ಎಂಬ 2 ಲೀಟರಿನ ಎಂಜಿನು ಎರಡು ತಲೆಮಾರುಗಳಲ್ಲಿಯೂ ಇದ್ದಿತು. ಮೊದಲನೆಯದರ ಪಟ್ಟಿಯಲ್ಲಿ ಅದಕ್ಕೆ 160, ಎರಡನೆಯದರಲ್ಲಿ 140. ಎಂಜಿನು ಸೊರಗಲಿಲ್ಲ, ಕೊಳಗ ಬದಲಾಯಿತು. ಆದುದರಿಂದ 170ಕ್ಕೂ 230ಕ್ಕೂ ನಡುವಣ ನಿಜವಾದ ಅಂತರವು ಅರವತ್ತಕ್ಕಿಂತ ಬಹಳ ಹೆಚ್ಚಿನದೆಂದು ತಿಳಿಯತಕ್ಕದ್ದು.

ಎರಡನೆಯ ತೊಡಕು ಜಪಾನಿನ ತಯಾರಕರ ಒಡಂಬಡಿಕೆ. ಸುಮಾರು 1989ರಿಂದ 2004ರವರೆಗೆ ಅಲ್ಲಿಯ ಯಾವ ತಯಾರಕನೂ ತನ್ನ ಕಾರಿಗೆ 280ಕ್ಕಿಂತ ಹೆಚ್ಚು ಅಶ್ವಶಕ್ತಿಯನ್ನು ಘೋಷಿಸುತ್ತಿರಲಿಲ್ಲ. ಕಾನೂನೇನೂ ಇರಲಿಲ್ಲ, ಮರ್ಯಾದೆಯ ಗೆರೆ ಮಾತ್ರ. ಇದರ ಫಲವಾಗಿ ಮೂರನೆಯ ಸೋರರಿನ 2.5 ಲೀಟರ್ ಟರ್ಬೋ ಎಂಜಿನು 1991ರಲ್ಲಿಯೂ 280, 1996ರಲ್ಲಿ ಮಾರ್ಪಾಟಾದ ಮೇಲೂ 280. ಪಟ್ಟಿಯನ್ನು ನೋಡಿದವರು ಏನೂ ಬದಲಾಗಲಿಲ್ಲವೆಂದುಕೊಳ್ಳುವರು. ಆದರೆ ಮೊದಲಿನದಕ್ಕೆ ಎರಡು ಚಿಕ್ಕ ಟರ್ಬೋಗಳು, ಎರಡನೆಯದಕ್ಕೆ ಒಂದೇ ದೊಡ್ಡದು. ಜೊತೆಗೆ ಕವಾಟ ತೆರೆಯುವ ಕಾಲವನ್ನು ಹೊಂದಿಸುವ ಹೊಸ ಏರ್ಪಾಡು. ಮೊದಲಿನದರಲ್ಲಿ ತಿರುಗಿಸುವ ಬಲದ ಪರಾಕಾಷ್ಠೆಯು 37 ಕಿಲೋಗ್ರಾಂ ಮೀಟರಾಗಿದ್ದು, ಅದು ದೊರೆಯುತ್ತಿದ್ದುದು ಎಂಜಿನು ನಿಮಿಷಕ್ಕೆ 4800 ಸುತ್ತು ತಿರುಗುವಾಗ, ಎರಡನೆಯದರಲ್ಲಿ 38.5, ಅದೂ 2400 ಸುತ್ತಿನಲ್ಲಿಯೇ. ನಡೆಸುವವನ ಅನುಭವಕ್ಕೆ ಇವು ಎರಡು ಬೇರೆ ಬೇರೆ ಎಂಜಿನುಗಳು. ಒಂದು ಓಡಿದ ಮೇಲೆ ಉಬ್ಬುತ್ತದೆ, ಇನ್ನೊಂದು ಏಳುವಾಗಲೇ ಎಳೆಯುತ್ತದೆ. ಮರ್ಯಾದೆಯ ಗೆರೆಯು ಈ ಭೇದವನ್ನೆಲ್ಲ ಮುಚ್ಚಿಬಿಟ್ಟಿದೆ.

ಮೂರನೆಯದು ಸಾಗರದಾಚೆಯ ತೊಡಕು. ನಾಲ್ಕನೆಯ ತಲೆಮಾರಿನ 4.3 ಲೀಟರ್ ಎಂಜಿನಿಗೆ ಜಪಾನಿನಲ್ಲಿ 280, ಅಮೆರಿಕದಲ್ಲಿ 300 ಎಂದು ಬರೆದಿದೆ. ಜಪಾನಿನ ಅಶ್ವಶಕ್ತಿಯು 735.5 ವ್ಯಾಟು, ಅಮೆರಿಕದ್ದು 745.7 ವ್ಯಾಟು, ಇದರಂತೆ ನೋಡಿದರೆ ಅಮೆರಿಕದ ಅಂಕಿಯೇ ಕಿರಿದಾಗಬೇಕಾಗಿತ್ತು. ಅದು ಹಿರಿದಾಗಿರುವುದರಿಂದ 280 ಎಂಬುದು ಒಡಂಬಡಿಕೆಯ ಅಂಕಿಯೆಂದು ಊಹಿಸುವುದು ತಪ್ಪಾಗಲಾರದು. ಮುಂದೆ 2006ರ ಮಾದರಿಗೆ ಅಮೆರಿಕದ ಅಂಕಿಯೂ 288ಕ್ಕೆ ಇಳಿಯಿತು. ಅಲ್ಲಿಯೂ ಪರೀಕ್ಷೆಯ ನಿಯಮ ಬಿಗಿಯಾದದ್ದೇ ಕಾರಣ.

ಇನ್ನು ಮೂರನೆಯ ತಲೆಮಾರಿಗೆ ಬರೋಣ. ನಮ್ಮ ಅಭಿಪ್ರಾಯದಲ್ಲಿ ಈ ವಂಶದ ಶ್ರೇಷ್ಠ ಕೃತಿ ಇದೇ. ಇದರ ಆಕಾರವು ರೂಪುಗೊಂಡದ್ದು ಜಪಾನಿನಲ್ಲಲ್ಲ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಕ್ಯಾಲ್ಟಿ ಎಂಬ ಟೊಯೋಟಾ ವಿನ್ಯಾಸಶಾಲೆಯಲ್ಲಿ. ಕಾಗದದ ಮೇಲೆ ಗೆರೆಯೆಳೆದು ಆರಂಭಿಸುವ ರೂಢಿಯನ್ನು ಬಿಟ್ಟು, ಅಲ್ಲಿಯವರು ಮೊದಲಿಗೇ ಗಚ್ಚಿನ ಮುದ್ದೆಗಳನ್ನು ಅಚ್ಚು ಹೊಯ್ದು ಕೆತ್ತಿ ಆಕಾರವನ್ನು ಹುಡುಕಿದರು. ಝಡ್10ರಲ್ಲಿ ರೇಖೆಗಳು ಕಣ್ಣಿಗೆ ಕಾಣುತ್ತವೆ. ಝಡ್30ರಲ್ಲಿ ರೇಖೆಯನ್ನು ಹುಡುಕಿದರೂ ಸಿಗುವುದಿಲ್ಲ, ಮೈಯೆಲ್ಲ ಒಂದೇ ಉಬ್ಬು. ಸುಮಾರು 4.86 ಮೀಟರು ಉದ್ದದ ಈ ಗಾಡಿಯ ಬಾಗಿಲುಗಳು ಬಹಳ ಉದ್ದವಾದುದರಿಂದ, ಇಕ್ಕಟ್ಟಾದ ಜಾಗದಲ್ಲಿಯೂ ತೆರೆಯಲು ಅನುಕೂಲವಾಗುವಂತೆ, ತೆರೆಯುವಾಗ ಬಾಗಿಲು ಮುಂದಕ್ಕೂ ಸರಿಯುವ ವಿಶೇಷವಾದ ತಿರುಗಣಿಗಳನ್ನು ಅಳವಡಿಸಿದರು.

ಈ ತಲೆಮಾರಿನಲ್ಲಿ ವಂಶವು ಎರಡು ಕವಲಾಯಿತು. ಒಂದು ಕವಲಿನಲ್ಲಿ ಹಿಂದಿನಂತೆ ಸಾಲಿನ ಆರು ಸಿಲಿಂಡರು: ಜಪಾನಿನಲ್ಲಿ ಮೇಲೆ ಹೇಳಿದ 2.5 ಲೀಟರಿನ ಟರ್ಬೋ. ಅಮೆರಿಕದಲ್ಲಿ ಟರ್ಬೋ ಇಲ್ಲದ 3 ಲೀಟರಿನದು, 225 ಅಶ್ವಶಕ್ತಿ. ಇನ್ನೊಂದು ಕವಲಿನಲ್ಲಿ 4 ಲೀಟರಿನ, ‘ವಿ’ ಆಕಾರದಲ್ಲಿ ನಿಂತ ಎಂಟು ಸಿಲಿಂಡರುಗಳ ಎಂಜಿನು. ಇದು 1989ರ ಲೆಕ್ಸಸ್ ಎಲ್.ಎಸ್.400 ಎಂಬ ದೊಡ್ಡ ಕಾರಿಗಾಗಿ ಹುಟ್ಟಿದ್ದು, ಅಮೆರಿಕದ ಎಸ್.ಸಿ.400ರಲ್ಲಿ 250 ಅಶ್ವಶಕ್ತಿಯಿಂದ ಹೊರಟು, ಕವಾಟಕಾಲದ ಏರ್ಪಾಡು ಸೇರಿದ 1998ರಲ್ಲಿ 290ಕ್ಕೆ ಮುಟ್ಟಿತು. ಆರು ಸಿಲಿಂಡರಿನ ಕವಲಿಗೆ ಕೈಯಿಂದ ಬದಲಾಯಿಸುವ ಐದು ಗೇರುಗಳನ್ನು ಬೇಕಾದವರು ಪಡೆಯಬಹುದಾಗಿತ್ತು. ಎಂಟು ಸಿಲಿಂಡರಿನದಕ್ಕೆ ಎಂದಿಗೂ ಸ್ವಯಂಚಾಲಿತ ಗೇರೇ. ಸ್ವಭಾವದಲ್ಲಿಯೂ ಇವು ಬೇರೆ. ಒಂದು ನಡೆಸುವವನಿಗಾಗಿ, ಇನ್ನೊಂದು ಕುಳಿತು ಹೋಗುವವನಿಗಾಗಿ.

ಎಂಟು ಸಿಲಿಂಡರಿನ ಸೋರರಿನಲ್ಲಿ ಮೂರು ಪ್ರಭೇದಗಳಿದ್ದುವು. ಹೊರಗೆ ಒಂದೇ ಮೈ. ಸಂಕೇತದ ಕೊನೆಯ ಅಂಕಿ ಮಾತ್ರ ಬೇರೆ. ಯು.ಝಡ್.ಝಡ್.30ಕ್ಕೆ ಉಕ್ಕಿನ ಸ್ಪ್ರಿಂಗು. ಯು.ಝಡ್.ಝಡ್.31ಕ್ಕೆ ಎರಡನೆಯ ತಲೆಮಾರಿನಿಂದ ಇಳಿದುಬಂದ ಗಾಳಿಯ ಸ್ಪ್ರಿಂಗು. ಯು.ಝಡ್.ಝಡ್.32ಕ್ಕೆ ಇವೆರಡೂ ಇಲ್ಲ. ವಾಡಿಕೆಯ ಸ್ಪ್ರಿಂಗನ್ನೂ, ಮೈ ವಾಲದಂತೆ ತಡೆಯುವ ಸರಳನ್ನೂ ತೆಗೆದುಹಾಕಿ, ಒಂದೊಂದು ಚಕ್ರದ ಮೇಲೂ ಎಣ್ಣೆಯ ಒತ್ತಡದಿಂದ ಏರಿಳಿಯುವ ಒಂದೊಂದು ಆಧಾರವನ್ನಿಟ್ಟರು. ಸಾಧಾರಣವಾದ ಸ್ಪ್ರಿಂಗು, ರಸ್ತೆಯ ಉಬ್ಬು ತನ್ನನ್ನು ಒತ್ತಿದ ಮೇಲೆ ಪ್ರತಿಕ್ರಿಯೆ ತೋರುವುದು. ಇಲ್ಲಿಯಾದರೋ ಗಾಡಿಯ ವೇಗ, ವಾಲಿಕೆ, ಎತ್ತರ ಇವುಗಳನ್ನು ಅಳೆಯುವ ಸೂಕ್ಷ್ಮೋಪಕರಣಗಳಿಂದ ಸುದ್ದಿ ಪಡೆದ ಗಣಕಯಂತ್ರವು ಯಾವ ಚಕ್ರದ ಕಡೆ ಎಷ್ಟು ಎತ್ತಬೇಕು, ಎಷ್ಟು ಇಳಿಸಬೇಕೆಂಬುದನ್ನು ಕ್ಷಣಕ್ಷಣಕ್ಕೂ ಆಜ್ಞಾಪಿಸುತ್ತದೆ. ತಿರುವಿನಲ್ಲಿ ಬೇರೆ ಕಾರುಗಳು ಹೊರಗಡೆಗೆ ವಾಲುವಾಗ ಇದು ಹಾಸುಗಲ್ಲಿನಂತೆ ಸಮವಾಗಿ ನಿಲ್ಲುತ್ತದೆ. ಹಿಂದಿನ ಚಕ್ರಗಳೂ ಸ್ವಲ್ಪಮಟ್ಟಿಗೆ ತಿರುಗುತ್ತವೆ. ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಎಣ್ಣೆಯನ್ನು ಒತ್ತುವ ಪಂಪು ಎಂಜಿನಿನ ಶಕ್ತಿಯ ಒಂದು ಪಾಲನ್ನು ಸದಾ ತಿನ್ನುತ್ತಿತ್ತು, ತೂಕ ಏರಿತು, ರಿಪೇರಿ ಮಾಡಬಲ್ಲವರು ವಿರಳ. ಜಪಾನಿನಿಂದ ಹೊರಗೆ ಇದನ್ನು ಮಾರಲಿಲ್ಲ. ತಯಾರಾದುವು 873 ಮಾತ್ರ. ಇದರ ಮುಂದೆ ಸಂತತಿ ಬೆಳೆಯಲಿಲ್ಲ. ಪ್ರಯೋಗವು ಸೋತಿತೆನ್ನುವವರಿದ್ದಾರೆ; ಮಾಡಬೇಕೆಂದುದನ್ನು ಅದು ಮಾಡಿತು, ಕೊಳ್ಳುವವರು ಮಾತ್ರ ದೊರೆಯಲಿಲ್ಲ ಎಂದು ನಾವು ತಿಳಿಯುತ್ತೇವೆ.

2001ರಲ್ಲಿ ಬಂದ ನಾಲ್ಕನೆಯದು, ಜಪಾನಿನಲ್ಲಿ ಸೋರರ್ 430, ಹೊರಗೆ ಎಸ್.ಸಿ.430. ಇದರ ಮೈಯನ್ನು ಟೊಯೋಟಾದವರ ಯುರೋಪಿನ ವಿನ್ಯಾಸಶಾಲೆಯಲ್ಲಿ, ಫ್ರಾನ್ಸಿನ ದಕ್ಷಿಣ ಕಡಲತೀರದಲ್ಲಿ, ವಿಹಾರನೌಕೆಗಳನ್ನು ನೋಡಿ ರೂಪಿಸಿದರು. ಉದ್ದವು ಸುಮಾರು 4.515 ಮೀಟರು, ಎಂದರೆ ಹಿಂದಿನದಕ್ಕಿಂತ ಒಂದು ಮೊಳಕ್ಕೆ ಸ್ವಲ್ಪ ಕಡಿಮೆಯಾಗಿ ಮೊಟಕಾಯಿತು; ಚಕ್ರಗಳ ನಡುವಣ ದೂರ 2.69 ಮೀಟರಿನಿಂದ 2.62ಕ್ಕೆ ಇಳಿಯಿತು. ಹೀಗಿದ್ದೂ ತೂಕವು ಎಸ್.ಸಿ.400ಕ್ಕಿಂತ ಸುಮಾರು ನೂರು ಕಿಲೋಗ್ರಾಮು ಏರಿತು. ಕಾರಣ ಛಾವಣಿ. ಅಲ್ಯೂಮಿನಿಯಮ್ಮಿನ ಗಟ್ಟಿ ಛಾವಣಿಯು ಗುಂಡಿಯೊತ್ತಿದರೆ 25 ಸೆಕೆಂಡುಗಳಲ್ಲಿ ಮಡಿಸಿಕೊಂಡು ಹಿಂದಿನ ಪೆಟ್ಟಿಗೆಯೊಳಕ್ಕೆ ಇಳಿಯುತ್ತದೆ. ಛಾವಣಿಯೆಂಬುದು ಕಾರಿನ ಮೈಗೆ ತೊಲೆಯಿದ್ದಂತೆ. ಅದನ್ನು ಬಿಡಿಸಿದಾಗ ಮೈ ತಿರುಚದಂತೆ ಅಡಿಯಲ್ಲಿ ಉಕ್ಕನ್ನು ಸೇರಿಸಲೇಬೇಕು. ಅದರ ಮೇಲೆ ಛಾವಣಿಯನ್ನು ಎತ್ತಿಳಿಸುವ ಯಂತ್ರಭಾಗಗಳು ಬೇರೆ. ಛಾವಣಿ ಇಳಿದಾಗ ಸಾಮಾನಿಡಲು ಉಳಿಯುವ ಜಾಗ ಅತ್ಯಲ್ಪ.

ಈಗ ವಂಶದ ಪ್ರಶ್ನೆ. ಮೊದಲ ಮೂರು ತಲೆಮಾರುಗಳಲ್ಲಿಯೂ ತಪ್ಪದೆ ಇದ್ದ ಲಕ್ಷಣ ಸಾಲಿನ ಆರು ಸಿಲಿಂಡರು. ಇಷ್ಟಪಟ್ಟವರಿಗೆ ಕೈಗೇರು ಇನ್ನೊಂದು. ನಾಲ್ಕನೆಯದರಲ್ಲಿ ಇವೆರಡೂ ಇಲ್ಲ. ವಿ ಆಕಾರದ ಎಂಟು ಸಿಲಿಂಡರಿನ, 4.3 ಲೀಟರಿನ ಒಂದೇ ಎಂಜಿನು. ಮೊದಲು ಐದು, ಮುಂದೆ ಆರು ಮೆಟ್ಟಿಲಿನ ಸ್ವಯಂಚಾಲಿತ ಗೇರು. ಆದುದರಿಂದ ಇದು 1981ರ ಕಾರಿನ ಹಿರಿಯ ಕವಲಿನ ಮಗುವಲ್ಲ; 1991ರಲ್ಲಿ ಹೊರಗಿನಿಂದ ಮದುವೆಯಾಗಿ ಬಂದ ಎಂಟು ಸಿಲಿಂಡರಿನ ಕವಲಿನ ಸಂತತಿ. ಅಮೆರಿಕದವರು ಎಸ್.ಸಿ.400, ಎಸ್.ಸಿ.430 ಎಂದು ಎಣಿಸುವಾಗ ಅವರ ಎಣಿಕೆ ಈ ಕಾರಣದಿಂದ ಸರಿಯಾಗಿಯೇ ಇದೆ. ಜಪಾನಿನವರ ನಾಲ್ಕರ ಎಣಿಕೆಯು ಸಂಕೇತದ ದೃಷ್ಟಿಯಿಂದ ಸರಿ. ಎರಡನ್ನೂ ಬೆರಸಿ ಬರೆಯುವುದೇ ತಪ್ಪು. ಛಾವಣಿಯ ವಿಷಯಕ್ಕೆ ಬಂದರೆ, 1989ರ ಏರೋಕ್ಯಾಬಿನ್ನಿನಲ್ಲಿ 500 ಮಂದಿಗೆ ಮಾತ್ರ ದೊರೆತ ವಿನೋದವು ಒಂದು ತಲೆಮಾರನ್ನು ಹಾರಿ ಇಲ್ಲಿ ಎಲ್ಲರಿಗೂ ದೊರೆಯಿತು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾವು ಸಾಧಿಸುವುದಿಲ್ಲ; ಅಜ್ಜನ ಮುಖಚರ್ಯೆ ಮೊಮ್ಮಗನಲ್ಲಿ ಕಾಣಿಸಿತೆಂದಷ್ಟೇ ಹೇಳುತ್ತೇವೆ.

ಈ ವಿವೇಚನೆಯಿಲ್ಲದೆ ಹೋದುದರಿಂದ ನಾಲ್ಕನೆಯ ಕಾರಿಗೆ ಅನ್ಯಾಯವಾಗಿದೆಯೆಂದು ತೋರುತ್ತದೆ. 2012ರಲ್ಲಿ ಬ್ರಿಟನ್ನಿನ ‘ಟಾಪ್ ಗೇರ್’ ಎಂಬ ದೂರದರ್ಶನದ ತಂಡವು ಪ್ರಪಂಚದ ಇತಿಹಾಸದಲ್ಲಿಯೇ ಅತ್ಯಂತ ಕೆಟ್ಟ ಕಾರೆಂದು ಎಸ್.ಸಿ.430ನ್ನು ಪರಿಹಾಸ್ಯ ಮಾಡಿತು. ಪರಿಹಾಸ್ಯಕ್ಕೆ ಪ್ರಮಾಣವನ್ನು ಕೇಳುವುದು ಸಲ್ಲದು. ಆದರೂ ಅದನ್ನೇ ತೀರ್ಪೆಂದು ಉದ್ಧರಿಸುವವರು ಹಲವರು. ಓಟದ ಕಾರಿನ ಲಕ್ಷಣಗಳನ್ನು ಅದರಲ್ಲಿ ಹುಡುಕಿ ಕಾಣದೆ ಸಿಟ್ಟಾದವರು, ಅದು ಕಡಲತೀರದಲ್ಲಿ ನಿಧಾನವಾಗಿ ಸುತ್ತಾಡುವುದಕ್ಕೆಂದು ರಚಿತವಾದುದೆಂಬುದನ್ನು ಮರೆತರು. ವಿಚಿತ್ರವೆಂದರೆ, ಇದೇ ಹೆಸರನ್ನೂ ಮೈಯ ಹೋಲಿಕೆಯನ್ನೂ ಧರಿಸಿದ ಓಟದ ಕಾರು 2006ರಲ್ಲಿ ಜಪಾನಿನ ಸೂಪರ್ ಜಿ.ಟಿ. ಪಂದ್ಯಾವಳಿಯ ಮೇಲಿನ ವರ್ಗವನ್ನು ಗೆದ್ದಿತು. ಅದರೊಳಗೆ ಅಂಗಡಿಯಲ್ಲಿ ಮಾರುವ ಕಾರಿನದೆಂದು ಹೇಳಬಹುದಾದ ಭಾಗ ಮಾತ್ರ ಬಹು ಕಡಿಮೆ.

ಎಸ್.ಸಿ.430ರ ತಯಾರಿಕೆ 2010ರ ಜುಲೈಯಲ್ಲಿ ನಿಂತಿತು. ಬಳಿಕ 2017ರಲ್ಲಿ ಲೆಕ್ಸಸ್ ಸಂಸ್ಥೆಯವರು ‘ಎಲ್.ಸಿ.’ ಎಂಬ ಹೊಸ ಕೂಪೇಯನ್ನು ಹೊರತಂದರು. ಅದರ ಆಕಾರಕ್ಕೆ ಮೂಲವಾದ ಮಾದರಿಯನ್ನು 2012ರಲ್ಲಿ ಪ್ರದರ್ಶಿಸಿದ್ದು ಝಡ್30ನ್ನು ರೂಪಿಸಿದ ಕ್ಯಾಲ್ಟಿಯವರೇ. ಅದರ ಛಾವಣಿ ಗಟ್ಟಿಯಾದದ್ದು. ಎಂಜಿನು 5 ಲೀಟರಿನ, ಎಂಟು ಸಿಲಿಂಡರಿನದು. ಮೋಟಾರು ಸೇರಿದ ಆರು ಸಿಲಿಂಡರಿನ ಪ್ರಭೇದವೂ ಇದ್ದಿತು, ಆದರೆ ಆ ಆರೂ ವಿ ಆಕಾರದಲ್ಲಿ ನಿಂತವು, ಸಾಲಿನಲ್ಲಲ್ಲ. ಹೆಸರಿನಲ್ಲಿ ಸೋರರಿನ ಸುಳಿವೇ ಇಲ್ಲ. ಚೌಕಟ್ಟಿನ ಸಂಕೇತವನ್ನು ನೋಡಿದರೆ ಯು.ಆರ್.ಝಡ್.100 ಎಂದಿದೆ. 50 ಬರಬೇಕಾದ ಕಡೆ 100 ಬಂದಿದೆ. ಝಡ್ ಮಾತ್ರ ಇದ್ದ ಜಾಗದಲ್ಲಿಯೇ ಇದೆ.